ಗಾಜಿನ ಎಳೆಗೆ ದುಂಡು ತುದಿ

ನಿವೃತ್ತನಾಗಿ ಕೆಲವು ತಿಂಗಳಾದ ಮೇಲೆ ಕಂಪನಿಯ ತರಬೇತಿ ವಿಭಾಗದವರು ಫೋನ್ ಮಾಡಿ, ಹೊಸದಾಗಿ ಸೇರಿದವರಿಗೆ ಒಂದು ಗಂಟೆ ಮಾತಾಡಿ ಎಂದು ಕರೆದರು. ಕಂಪನಿ ಇರುವ ನರಸಾಪುರಕ್ಕೆ ಹೋದೆ. ಎದುರಿಗೆ ಮೂವತ್ತು ಹುಡುಗ ಹುಡುಗಿಯರು, ನನ್ನ ಕೈಯಲ್ಲಿ ಮೈಕು. "ನನ್ನ ಹೆಸರು ಮುನಿಶಾಮಪ್ಪ, ಮಾಲೂರು ತಾಲ್ಲೂಕಿನವನು" ಎನ್ನುವಷ್ಟರಲ್ಲಿ ನಾಲಿಗೆ ಒಣಗಿತು. ಹತ್ತು ನಿಮಿಷಕ್ಕೆ ನನ್ನ ಭಾಷಣ ಮುಗಿಯಿತು. ಉಳಿದ ಐವತ್ತು ನಿಮಿಷ ಎಲ್ಲರೂ ಕಾಫಿ ಕುಡಿದೆವು. ಮನೆಗೆ ಬರುವಾಗ ಬಸ್ಸಿನಲ್ಲಿ ಹೇಳಬೇಕಾಗಿದ್ದದ್ದೆಲ್ಲ ಒಂದೊಂದಾಗಿ ನೆನಪಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಬಂತು, ಯಾವ ಹುದ್ದೆಯಿಂದ ಯಾವ ಹುದ್ದೆಗೆ ಹೋದೆ ಎನ್ನುವುದೆಲ್ಲ ಕಚೇರಿಯ ಫೈಲಿನಲ್ಲಿದೆ, ಅಲ್ಲೇ ಇರಲಿ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಫೈಬರ್ ಎಂದರೆ ಬೆಳಕು ಹರಿಯುವ ಗಾಜಿನ ಎಳೆ. ಮೇಲಿನ ಹೊದಿಕೆ ಸುಲಿದರೆ ಒಳಗಿರುವ ಗಾಜು ತಲೆಗೂದಲಿಗಿಂತ ಒಂಚೂರು ದಪ್ಪ, ಅಷ್ಟೇ. ಅದರ ತುದಿ ಚಪ್ಪಟೆಯಾಗಿದ್ದರೆ ಒಳಗಿನ ಬೆಳಕು ಹೊರಗೆ ಬಂದ ಕೂಡಲೇ ಚೆಲ್ಲಾಪಿಲ್ಲಿಯಾಗಿ ಹರಡುತ್ತದೆ. ಹೊರಗಿನ ಲೇಸರ್ ಬೆಳಕನ್ನು ಒಳಗೆ ಸೇರಿಸಲು ಹೋದರೂ ಮುಕ್ಕಾಲು ಪಾಲು ದಾರಿ ತಪ್ಪುತ್ತದೆ. ಅದೇ ತುದಿಯನ್ನು ದುಂಡಗೆ ಮಾಡಿಬಿಟ್ಟರೆ ಅದೇ ಒಂದು ಲೆನ್ಸ್. ಬೆಳಕು ಹೇಳಿದ ಜಾಗದಲ್ಲಿ ಬಂದು ಕೂಡುತ್ತದೆ. ದುಂಡಗೆ ಮಾಡಲು ಉಜ್ಜುವ ವಿಧಾನವೂ ಇದೆ. ನಮ್ಮದು ಬಿಸಿಯ ವಿಧಾನ. ಎದುರುಬದುರು ಇರುವ ಎರಡು ಲೋಹದ ಸೂಜಿಗಳ ನಡುವೆ ವಿದ್ಯುತ್ ಕಿಡಿ ಹಾಯುತ್ತದೆ, ಆ ಕಿಡಿಯೊಳಗೆ ಎಳೆಯ ತುದಿ ಹಿಡಿದರೆ ಗಾಜು ಕರಗಿ ತನ್ನಷ್ಟಕ್ಕೆ ತಾನೇ ದುಂಡಗಾಗುತ್ತದೆ. ಕಿಡಿ ಎಷ್ಟು ಜೋರಿರಬೇಕು, ಎಷ್ಟು ಹೊತ್ತಿರಬೇಕು, ತುದಿ ಎಷ್ಟು ಒಳಗಿರಬೇಕು ಎನ್ನುವುದೇ ಕೆಲಸ. ಎಲ್ಲ ಮುಗಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಕೆಡಲೂ ಅಷ್ಟೇ ಹೊತ್ತು ಸಾಕು.

ನಾನು ಈ ಕೆಲಸಕ್ಕೆ ಬಂದದ್ದು ಜಂಬದಿಂದ. ಅದಕ್ಕೆ ಮೊದಲು ಮಾಲೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರಯೋಗಶಾಲೆಗೆ ಬೇಕಾದ ಗಾಜಿನ ಸಾಮಾನು ಊದುತ್ತಿದ್ದೆ. ಉರಿಯ ಮುಂದೆ ಕೂತು ಗಾಜಿನ ಕೊಳವೆ ತಿರುಗಿಸುತ್ತಾ, ಬಾಯಿಂದ ಊದುತ್ತಾ ಬುರುಡೆ, ಕೊಳವೆ, ಮುಚ್ಚಳ ಎಲ್ಲ ಮಾಡುತ್ತಿದ್ದೆ. ಆ ಕಾರ್ಖಾನೆ ಮುಚ್ಚಿತು. ಅದೇ ಹೊತ್ತಿಗೆ ಫೈಬರ್ ಕಂಪನಿಯವರು ಗಾಜು ಗೊತ್ತಿರುವವರು ಬೇಕೆಂದು ಹುಡುಕುತ್ತಿದ್ದರು. ಸಂದರ್ಶನ ಮಾಡಿದವರು ವಿಜಯಾ ಮೇಡಂ. ನನಗಿಂತ ಐದಾರು ವರ್ಷ ಚಿಕ್ಕವರು, ಮುಳಬಾಗಿಲಿನವರು, ಎಂಜಿನಿಯರ್.

"ಗಾಜಿನ ಬಗ್ಗೆ ನಿಮಗೆ ಏನು ಗೊತ್ತು?" ಎಂದು ಕೇಳಿದರು.

"ಗಾಜು ನಾನು ಹೇಳ್ದಂಗೆ ಕೇಳುತ್ತೆ ಮೇಡಂ" ಎಂದೆ.

ಅವರು ನಗಲಿಲ್ಲ, ಬೈಯಲೂ ಇಲ್ಲ. "ಸೋಮವಾರದಿಂದ ಬನ್ನಿ" ಎಂದರು. ಆ ಮಾತಿಗೆ ನನ್ನನ್ನು ಎಷ್ಟು ಸಲ ರೇಗಿಸಿದರು ಎಂದು ಲೆಕ್ಕವಿಲ್ಲ.

ಮೊದಲ ತಿಂಗಳು ಗಾಜು ನನ್ನ ಮಾತು ಕೇಳಲೇ ಇಲ್ಲ. ನನ್ನ ಲೆನ್ಸುಗಳೆಲ್ಲ ಒಂದೇ ಪಕ್ಕಕ್ಕೆ ವಾಲುತ್ತಿದ್ದವು, ನೆತ್ತಿ ಓರೆಯಾದ ಬೋಂಡದ ಹಾಗೆ. ನನ್ನ ಪಕ್ಕದ ಮೇಜಿನಲ್ಲಿ ಅಂಥದೇ ಯಂತ್ರದಲ್ಲಿ ಇನ್ನೊಬ್ಬರು ಮಾಡಿದರೆ ನೆಟ್ಟಗೆ ಬರುತ್ತಿತ್ತು. ನನ್ನನ್ನು ಆ ಮೇಜಿಗೆ ಕೂರಿಸಿದರೆ ಅಲ್ಲಿಯೂ ವಾಲಿತು. ಸೂಜಿ ಬದಲಾಯಿಸಿದರು, ಕಿಡಿ ಕಡಿಮೆ ಮಾಡಿದರು, ಎಸಿಯ ಗಾಳಿ ತಾಗದಂತೆ ರಟ್ಟು ಅಡ್ಡ ಇಟ್ಟರು. ಏನೂ ಆಗಲಿಲ್ಲ. ಒಂದು ದಿನ ವಿಜಯಾ ಮೇಡಂ ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತರು. ಯಂತ್ರವನ್ನು ನೋಡಲೇ ಇಲ್ಲ, ನನ್ನ ಮುಖವನ್ನೇ ಅರ್ಧ ಗಂಟೆ ನೋಡಿದರು.

ಕೊನೆಗೆ, "ಶಾಮಣ್ಣ, ನೀವು ಊದ್ತಾ ಇದ್ದೀರಿ" ಎಂದರು.

"ಏನು ಮೇಡಂ?"

"ಕಿಡಿ ಬಿಡೋವಾಗೆಲ್ಲ ತುಟಿ ಮುಂದೆ ಮಾಡಿ ಊದ್ತಾ ಇದ್ದೀರಿ. ನಿಮಗೇ ಗೊತ್ತಿಲ್ಲ."

ನಿಜ. ಹದಿನೈದು ವರ್ಷ ಗಾಜು ಬಿಸಿಯಾದ ಕೂಡಲೇ ಊದಿದ ಬಾಯಿ. ಕಿಡಿ ಎಂದರೆ ಬಿಸಿ ಗಾಳಿಯ ಒಂದು ಎಳೆ ತಾನೆ, ನನ್ನ ಉಸಿರಿಗೆ ಅದು ಬಾಗುತ್ತಿತ್ತು, ಗಾಜೂ ಬಾಗುತ್ತಿತ್ತು. ಮರುದಿನ ನನಗೊಂದು ಮಾಸ್ಕ್ ಕೊಟ್ಟರು. ಲೆನ್ಸು ನೆಟ್ಟಗಾಯಿತು. ಆಮೇಲೆ ಯಾರ ಕೈಯಲ್ಲಿ ಯಾವ ಕೆಲಸ ಕೆಟ್ಟರೂ ಇಡೀ ವಿಭಾಗ "ಶಾಮಣ್ಣ ಊದಿರಬೇಕು" ಎನ್ನುತ್ತಿತ್ತು. ಕ್ಯಾಂಟೀನಿನಲ್ಲಿ ಸಾಂಬಾರು ಆರಿದ್ದರೂ ಅದು ನನ್ನ ತಪ್ಪೇ.

ಹೊಸಬರಿಗೆ ಇನ್ನೊಂದು ಮಾತು. ಎಳೆಯನ್ನು ವಜ್ರದ ಅಲಗಿನಿಂದ ಕತ್ತರಿಸಿದಾಗ ಉಳಿಯುವ ತುಣುಕನ್ನು ಅಂಟುಪಟ್ಟಿಗೆ ಒತ್ತಿ, ಡಬ್ಬಿಗೇ ಹಾಕಬೇಕು. ಇದನ್ನು ನಿಮಗೆ ಮೊದಲ ದಿನವೇ ಹೇಳುತ್ತಾರೆ, ನೀವು ಎರಡನೇ ವಾರ ಮರೆಯುತ್ತೀರಿ. ನಾನೂ ಮರೆತೆ. ಒಂದು ಭಾನುವಾರ ನನ್ನ ಹೆಂಡತಿ ಜಯಮ್ಮ ನನ್ನ ಅಂಗಿ ಒಗೆಯುತ್ತಿದ್ದವಳು ಚೀರಿ ಎದ್ದಳು. ತೋಳಿನ ಮಡಿಕೆಯಲ್ಲಿದ್ದ ತುಣುಕು ಅವಳ ಹೆಬ್ಬೆರಳಿಗೆ ಹೊಕ್ಕಿತ್ತು. ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿದರೆ ಚುಚ್ಚುತ್ತದೆ. ಬಿಸಿಲಿನಲ್ಲಿ ಕೂರಿಸಿ, ಚಿಮಟ ಹಿಡಿದು ಒಂದು ಗಂಟೆ ಹುಡುಕಿದೆ.

"ಏನ್ರೀ ಇದು, ಕಾಣದ ಮುಳ್ಳು ಮನೆಗೆ ತರೋ ಕೆಲಸ?" ಎಂದಳು.

"ಇದರೊಳಗೆ ಬೆಳಕು ಹೋಗುತ್ತೆ ಕಣೇ" ಎಂದು ಸಮಾಧಾನ ಹೇಳಲು ಹೋದೆ.

"ನನ್ನ ಬೆರಳೊಳಗೆ ಏನೂ ಬೆಳಗ್ತಾ ಇಲ್ಲ, ಮೊದಲು ತೆಗೀರಿ."

ಅಂದಿನಿಂದ ಮನೆಯ ಬಾಗಿಲಲ್ಲೇ ಅಂಗಿ ಕೊಡವಿ ಒಳಗೆ ಬರಬೇಕೆಂದು ಕಾನೂನಾಯಿತು. ಈಗಲೂ ಅಂಗಡಿಗೆ ಹೋಗಿ ಬಂದರೂ ಕೊಡವುತ್ತೇನೆ.

ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಗೆಳೆಯ ಕಾಳಾಚಾರಿ. ಶಿವಾರಪಟ್ಟಣದ ಶಿಲ್ಪಿಗಳ ಮನೆಯವನು. ಅಪ್ಪ, ಅಣ್ಣ ಎಲ್ಲ ದೇವರ ಮೂರ್ತಿ ಕಡೆಯುವವರು. ಇವನಿಗೆ ಕಲ್ಲಿನ ಧೂಳು ಒಗ್ಗದೆ ಕೆಮ್ಮು ಹಿಡಿದು, ಐಟಿಐ ಓದಿ ನಮ್ಮಲ್ಲಿ ಫಿಟ್ಟರ್ ಆಗಿ ಸೇರಿದ್ದ. ಯಂತ್ರಕ್ಕೆ ಬೇಕಾದ ಹಿಡಿಕೆ, ಎಳೆ ಮಲಗಿಸುವ ತೊಟ್ಟಿಲು, ಸ್ಟ್ಯಾಂಡು ಎಲ್ಲ ಅವನ ಕೈಯಲ್ಲೇ ಆಗಬೇಕಿತ್ತು. ಒಂದು ಸಲ ನಮಗೆ ಸಾಮಾನ್ಯಕ್ಕಿಂತ ದೊಡ್ಡ ಗುಂಡು ತುದಿಯ ಕೆಲಸ ಬಂತು. ಎಳೆಯ ತುದಿಯಲ್ಲಿ ಎಳೆಗಿಂತ ಎರಡು ಪಾಲು ದಪ್ಪದ ಗುಂಡು ಕಟ್ಟಬೇಕು, ಸಾಸಿವೆ ಕಾಳನ್ನೂ ಎಷ್ಟೋ ಭಾಗ ಮಾಡಿದಷ್ಟು ಚಿಕ್ಕದು. ಆದರೆ ನಮ್ಮ ಲೆಕ್ಕದಲ್ಲಿ ಅದು ದೊಡ್ಡ ಗುಡ್ಡ. ಅಷ್ಟು ಗಾಜು ಕರಗಬೇಕಾದರೆ ಕಿಡಿ ಹೆಚ್ಚು ಹೊತ್ತು ಬೇಕು. ಹೆಚ್ಚು ಹೊತ್ತು ಬಿಟ್ಟರೆ ಕುತ್ತಿಗೆ ಮೆತ್ತಗಾಗಿ ಗುಂಡು ಓರೆಯಾಗುತ್ತಿತ್ತು. ಈ ಸಲ ನಾನು ಊದಿರಲಿಲ್ಲ, ಮಾಸ್ಕ್ ಇತ್ತು. ಹತ್ತು ಮಾಡಿದರೆ ಎಂಟು ಕೆಂಪು ಟ್ರೇಗೆ ಹೋಗುತ್ತಿದ್ದವು. ಕೆಂಪು ಟ್ರೇ ಎಂದರೆ ತಿರಸ್ಕೃತ ಮಾಲು.

ಕಾಳಾಚಾರಿ ಒಂದು ಸಂಜೆ ಮನೆಗೆ ಹೊರಡುವ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ನನ್ನ ಹಿಂದೆ ಬಂದು ನಿಂತ. ತಿನ್ನುತ್ತಿದ್ದ ಕಡಲೆಪುರಿಯ ಬಟ್ಟಲನ್ನು ಒಳಗೆ ತರಬಾರದು ಎಂದು ಬಾಗಿಲಾಚೆ ಇಟ್ಟು ಬಂದಿದ್ದ.

"ಲೇ ಶಾಮ, ಇದನ್ನ ಯಾಕೋ ಮಲಗಿಸಿಟ್ಟಿದ್ದೀಯ?"

"ಯಂತ್ರ ಇರೋದೇ ಹಂಗೆ ಕಣೋ. ಎಳೆ ಮಲಗಿರುತ್ತೆ, ತುದಿ ಕಿಡಿಯೊಳಗೆ ಹೋಗುತ್ತೆ."

"ಮಲಗಿದ್ರೆ ಬಿಸಿ ಮೇಲ್ಗಡೆ ಜಾಸ್ತಿ, ಕೆಳಗಡೆ ಕಮ್ಮಿ. ಮೆತ್ತಗಾದ್ಮೇಲೆ ಭಾರ ಬೇರೆ ಜಗ್ಗುತ್ತೆ. ತಲೆಕೆಳಗು ಮಾಡಿ ನೇತಾಕು. ಎಲ್ಲಾ ಕಡೆಯಿಂದಲೂ ಒಂದೇ ಆಗುತ್ತೆ. ಸಾಲ್ದು ಅಂದ್ರೆ ತಿರುಗಿಸು. ನಾವು ಮೂರ್ತಿನ ಒಂದೇ ಕಡೆ ಕೂತು ಕಡೀತೀವಾ?"

ನನಗೆ ನಗು ಬಂತು. ಗಾಜು ಊದುವಾಗ ನಾನು ಮಾಡುತ್ತಿದ್ದದ್ದೇ ಅದು, ಕೊಳವೆಯನ್ನು ಕೈಯಲ್ಲಿ ತಿರುಗಿಸುತ್ತಲೇ ಇರುವುದು. ಹೊಸ ಯಂತ್ರದ ಮುಂದೆ ಕೂತು ಹಳೆಯ ಬುದ್ಧಿಯನ್ನು ಬಿಟ್ಟು, ಹಳೆಯ ಚಟವನ್ನು ಮಾತ್ರ ಉಳಿಸಿಕೊಂಡಿದ್ದೆ. ಕಾಳಾಚಾರಿ ನಾಲ್ಕೈದು ದಿನ ಕೂತು, ಹಾಳಾದ ಒಂದು ಉಪಕರಣದ ಸಣ್ಣ ಮೋಟಾರು ಬಿಚ್ಚಿ, ಎಳೆಯನ್ನು ನೇರವಾಗಿ ಇಳಿಬಿಟ್ಟು ನಿಧಾನಕ್ಕೆ ತಿರುಗಿಸುವ ಒಂದು ಸ್ಟ್ಯಾಂಡು ಮಾಡಿದ. ನೋಡಲು ಸೈಕಲ್ ರಿಪೇರಿ ಅಂಗಡಿಯ ಸಾಮಾನಿನ ಹಾಗಿತ್ತು. ವಿಜಯಾ ಮೇಡಂ ಅದನ್ನು ಸುತ್ತು ಹಾಕಿ ನೋಡಿ, "ಕಸ್ಟಮರ್ ಬಂದಾಗ ಇದರ ಮೇಲೊಂದು ಬಟ್ಟೆ ಹಾಕಿ" ಎಂದರು. ಆದರೆ ಹತ್ತರಲ್ಲಿ ಒಂಬತ್ತು ಒಳ್ಳೆಯವು ಬಂದವು. ವರ್ಷಗಟ್ಟಲೆ ಅದು ಬಟ್ಟೆಯ ಕೆಳಗೇ ದುಡಿಯಿತು.

ಈಗ ನನ್ನ ದೊಡ್ಡ ತಪ್ಪಿನ ಕಥೆ. ಬರೆಯುವುದೋ ಬೇಡವೋ ಎಂದು ಜಯಮ್ಮನನ್ನು ಕೇಳಿದೆ. "ಅದನ್ನ ಬಿಟ್ಟು ಬರೆದ್ರೆ ಯಾಕೆ ಬರೀಬೇಕು?" ಎಂದಳು.

ಚೆನ್ನೈನಲ್ಲಿ ನಮಗೊಬ್ಬರು ಗ್ರಾಹಕರಿದ್ದರು. ಕಣ್ಣಿನ ಒಳಪದರಕ್ಕೆ ಲೇಸರ್ ಚಿಕಿತ್ಸೆ ಕೊಡುವ ಉಪಕರಣ ಮಾಡುವವರು. ಕಣ್ಣಿಗೆ ತೂರಿಸುವ ಅದರ ಸಣ್ಣ ಕಡ್ಡಿಯೊಳಗೆ ಹೋಗುವ ಎಳೆಯ ತುದಿಯ ಲೆನ್ಸ್ ನಮ್ಮದು. ಗುಂಡಿನ ಅಳತೆ ಸರಿಯಿದ್ದರೆ ಬೆಳಕು ವೈದ್ಯರು ಬಯಸಿದ ದೂರದಲ್ಲಿ ಕೂಡುತ್ತದೆ. ಗುಂಡು ಚಿಕ್ಕದಾದರೆ ಬೆಳಕು ಮೊದಲೇ ಕೂಡಿ, ಅಲ್ಲಿಂದ ಮುಂದೆ ಹರಡಿಕೊಳ್ಳುತ್ತದೆ. ಯಾರದೋ ಕಣ್ಣೊಳಗೆ ಅದು ಎಲ್ಲಿಗೆ ಬೀಳುತ್ತದೆ ಎಂದು ಯೋಚಿಸಿದರೆ ಊಟ ಸೇರುವುದಿಲ್ಲ.

ಆಗ ಅಳತೆ ನೋಡುವ ವಿಧಾನ ಸರಳವಾಗಿತ್ತು. ಸೂಕ್ಷ್ಮದರ್ಶಕದ ಚಿತ್ರ ಒಂದು ಟಿವಿ ಪರದೆಯ ಮೇಲೆ ಬರುತ್ತಿತ್ತು. ಪರದೆಗೆ ಒಂದು ಪಾರದರ್ಶಕ ಹಾಳೆ ಅಂಟಿಸಿದ್ದೆವು. ಅದರ ಮೇಲೆ ಒಂದು ವೃತ್ತ. ಲೆನ್ಸಿನ ಅಂಚು ಆ ವೃತ್ತಕ್ಕೆ ಕೂಡಿದರೆ ಪಾಸು. ಒಂದು ಶುಕ್ರವಾರ ಬೆಳಿಗ್ಗೆ ಆ ಟಿವಿ ಕೆಟ್ಟಿತು. ಸಾಮಾನು ಮರುದಿನ ಹೊರಡಬೇಕು. ನಾನು ಯಾರನ್ನೂ ಕೇಳದೆ ಪಕ್ಕದ ಕೋಣೆಯಿಂದ ಇನ್ನೊಂದು ಟಿವಿ ಹೊತ್ತು ತಂದು ಜೋಡಿಸಿ, ಹಳೆಯ ಹಾಳೆ ಕಿತ್ತು ಹೊಸದರ ಮೇಲೆ ಅಂಟಿಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಇಡೀ ದಿನ ಕೆಲಸ ಸರಾಗವಾಗಿ ಹೋಯಿತು. ಸಂಜೆ ಡಬ್ಬಿ ತುಂಬಿಸಿದೆ.

ಶನಿವಾರ ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಬೇರೊಂದು ಕೆಲಸಕ್ಕೆ ಎಳೆ ಸಿಕ್ಕಿಸಿ ಪರದೆ ನೋಡಿದೆ. ಹಾಳೆಯ ಮೇಲೆ ವೃತ್ತದ ಜೊತೆಗೆ ಎರಡು ಗೆರೆಗಳೂ ಇದ್ದವು. ಎಳೆಯ ದಪ್ಪ ಆ ಎರಡು ಗೆರೆಗಳ ನಡುವೆ ಸರಿಯಾಗಿ ಕೂರಬೇಕು. ಹಿಂದಿನ ದಿನ ವೃತ್ತವನ್ನಷ್ಟೇ ನೋಡಿದ್ದೆ, ಈಗ ಎಳೆ ಗೆರೆಗಳನ್ನು ದಾಟಿ ಆಚೆ ನಿಂತಿತ್ತು. ಎಳೆ ರಾತ್ರೋರಾತ್ರಿ ದಪ್ಪವಾಗುವುದಿಲ್ಲ. ಹೊಸ ಟಿವಿಯ ಪರದೆ ಹಳೆಯದಕ್ಕಿಂತ ದೊಡ್ಡದು. ಚಿತ್ರವೂ ದೊಡ್ಡದಾಗಿ ಬರುತ್ತಿತ್ತು. ದೊಡ್ಡ ಚಿತ್ರವನ್ನು ಹಳೆಯ ವೃತ್ತಕ್ಕೆ ಹೊಂದಿಸಿದ್ದೆ ಎಂದರೆ, ಹಿಂದಿನ ದಿನ ನಾನು ಮಾಡಿದ ಲೆನ್ಸುಗಳೆಲ್ಲ ಇರಬೇಕಾದ್ದಕ್ಕಿಂತ ಚಿಕ್ಕವು. ಡಬ್ಬಿ ಒಂಬತ್ತು ಗಂಟೆಗೇ ಟೆಂಪೊದಲ್ಲಿ ಚೆನ್ನೈಗೆ ಹೊರಟುಹೋಗಿತ್ತು.

ಹೊರಗೆ ಬಂದು ಕಾಳಾಚಾರಿಗೆ ಹೇಳಿದೆ. "ಯಾರಿಗೂ ಗೊತ್ತಾಗಲ್ವೇನೋ" ಎಂದೂ ಒಂದು ಮಾತು ನನ್ನ ಬಾಯಿಂದ ಬಂತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅವನು, "ಮೂರ್ತಿ ಮುಖದಲ್ಲಿ ಸಣ್ಣ ಬಿರುಕು ಬಿಟ್ರೆ ಮೇಣ ತುಂಬಿ ಕೊಡೋರೂ ಇದ್ದಾರೆ ಕಣೋ. ನಮ್ಮಪ್ಪ ಅಂಥ ಕಲ್ಲನ್ನ ಹಿತ್ತಲಿಗೆ ಉರುಳಿಸ್ತಿದ್ರು. ಮನೇಲಿ ಬಟ್ಟೆ ಒಗೆಯೋ ಕಲ್ಲೆಲ್ಲ ಅವೇ" ಎಂದ. ಆಮೇಲೆ, "ಹೋಗು, ಮೇಡಂಗೆ ಈಗ್ಲೇ ಹೇಳು. ಹೊತ್ತಾದಷ್ಟೂ ಬಾಯಿ ಕಟ್ಟುತ್ತೆ" ಎಂದ.

ಹೇಳಿದೆ. ವಿಜಯಾ ಮೇಡಂ ಬಂದು ಪರದೆ ನೋಡಿದರು, ಹಾಳೆ ನೋಡಿದರು, ನನ್ನನ್ನು ನೋಡಲಿಲ್ಲ. ಚೆನ್ನೈಗೆ ಫೋನ್ ಮಾಡಿದರು. ಶನಿವಾರ, ಕಚೇರಿಗೆ ರಜೆ, ಯಾರೂ ಎತ್ತಲಿಲ್ಲ. ಮಾಲು ತೆಗೆದುಕೊಳ್ಳಲು ಕಾವಲಿನವರು ಇರುತ್ತಾರೆ, ಸೋಮವಾರ ಬೆಳಿಗ್ಗೆ ನೇರ ಜೋಡಣೆಗೆ ಹೋಗುತ್ತದೆ. ಮೇಲ್ ಕಳಿಸಿದರು. ಟೆಂಪೊ ಡ್ರೈವರ್ ಬಾಬುವಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಟೆಂಪೊ ಕಚೇರಿಯವರು, "ಅವನು ಕೋಲಾರದಲ್ಲಿ ಇನ್ನೊಂದು ಕಂಪನಿ ಸಾಮಾನು ತುಂಬಿಸ್ಕೋಬೇಕು. ಆಮೇಲೆ ನಂಗಲೀಲಿ ಊಟ ಮಾಡ್ದೆ ಆಂಧ್ರದ ಗಡಿ ದಾಟಲ್ಲ" ಎಂದರು.

ಮೇಡಂ ಕಾರಿನ ಕೀಲಿ ತೆಗೆದುಕೊಂಡರು. "ಬನ್ನಿ ಶಾಮಣ್ಣ."

"ಮೇಲ್ ಕಳ್ಸಿದ್ದೀರಲ್ಲ ಮೇಡಂ" ಎಂದೆ, ಮೆಲ್ಲಗೆ.

"ಓದ್ತಾರೋ ಬಿಡ್ತಾರೋ. ಡಬ್ಬಿ ನನ್ನ ಕೈಗೆ ಬರ್ಬೇಕು."

ಕೋಲಾರ ದಾಟಿದೆವು. ಬಿಸಿಲು ಏರುತ್ತಿತ್ತು. ಬೈಯಲಿ, ಮುಗಿದುಹೋಗಲಿ ಎಂದು ಕಾದೆ. ಅವರು ಬೈಯಲಿಲ್ಲ. ಮುಳಬಾಗಿಲಿನ ಬಂಡೆ ಬೆಟ್ಟ ಕಾಣುವ ಹೊತ್ತಿಗೆ ರಸ್ತೆಯನ್ನೇ ನೋಡುತ್ತಾ ಹೇಳಿದರು.

"ನನ್ನ ಮೊದಲ್ನೇ ಕೆಲಸದಲ್ಲಿ ಬೆಳಕು ಅಳೆಯೋ ಪವರ್ ಮೀಟರನ್ನ ಸೊನ್ನೆಗೆ ತರದೆ ಒಂದು ವಾರ ಅಳತೆ ತಗೊಂಡಿದ್ದೆ. ನನಗೆ ಗೊತ್ತಾಯ್ತು. ಹೇಳ್ಲಿಲ್ಲ. ಮಾಲು ವಾಪಸ್ ಬಂದಾಗ ಆಪರೇಟರ್ ಒಬ್ಬರ ಮೇಲೆ ಹಾಕಿದ್ರು. ಅವರನ್ನ ಕೆಲಸದಿಂದ ತೆಗೆದ್ರು. ಆಗ್ಲೂ ಹೇಳ್ಲಿಲ್ಲ."

"ಆಮೇಲೆ ಅವರು ಸಿಕ್ಕಿದ್ರಾ ಮೇಡಂ?" ಎಂದೆ.

"ಹುಡುಕಿದೆ. ಸಿಗ್ಲಿಲ್ಲ." ಸ್ವಲ್ಪ ದೂರ ಹೋದ ಮೇಲೆ, "ನೀವು ಹೇಳಿದ್ರಲ್ಲ, ಅದಕ್ಕೇ ಬೈತಾ ಇಲ್ಲ. ಕೇಳ್ದೆ ಟಿವಿ ಬದಲಾಯಿಸಿದ್ದಕ್ಕೆ ಸೋಮವಾರ ಬೈತೀನಿ" ಎಂದರು.

ನಂಗಲಿಯಲ್ಲಿ ಹೆದ್ದಾರಿಯ ಎರಡೂ ಕಡೆ ಲಾರಿಗಳು. ಒಂದೊಂದೇ ನೋಡುತ್ತಾ ಹೋದೆವು. ನಮ್ಮ ಟೆಂಪೊ ಒಂದು ಹುಣಸೆಮರದ ನೆರಳಲ್ಲಿ ನಿಂತಿತ್ತು. ಬಾಬು ಎದುರಿನ ಹೋಟೆಲಿನಲ್ಲಿ ಕೂತು ಮುದ್ದೆ ಮುರಿಯುತ್ತಿದ್ದ. ನಮ್ಮನ್ನು ನೋಡಿದ ಕೂಡಲೇ ಅವನ ಕೈ ಅಲ್ಲೇ ನಿಂತಿತು. ನಮಗಿಂತ ಅವನಿಗೇ ಹೆಚ್ಚು ಗಾಬರಿಯಾದದ್ದು ಯಾಕೆ ಎಂದು ಆಮೇಲೆ ತಿಳಿಯಿತು.

"ಬಾಬು, ನಮ್ಮ ಡಬ್ಬಿ ವಾಪಸ್ ಬೇಕು" ಎಂದರು ಮೇಡಂ.

"ಅದು ಆಗಲ್ಲ ಮೇಡಂ. ರಸೀದಿ ಆಗೋಗಿದೆ. ಚೆನ್ನೈಲೇ ಇಳಿಸ್ಬೇಕು, ರೂಲ್ಸು."

"ರಸೀದಿ ಹಿಂದೆ ನಾನು ಬರೆದುಕೊಡ್ತೀನಿ. ಗಾಡಿ ತೆಗಿ."

ಅವನು ನನ್ನನ್ನು ಪಕ್ಕಕ್ಕೆ ಎಳೆದ. ಗಡಿಯ ಆ ಭಾಗದಲ್ಲಿ ಗುಟ್ಟಿನ ಮಾತೆಲ್ಲ ತೆಲುಗಿನಲ್ಲೇ. "ಅಣ್ಣಾ, ಅದಿ ಕಿಂದ ಉಂದಿ" ಎಂದ. ಡಬ್ಬಿ ಅಡಿಯಲ್ಲಿದೆ ಎಂದು.

"ಯಾವುದರ ಅಡಿಯಲ್ಲಿ?"

ಬಾಗಿಲು ತೆಗೆದ. ಕಂಪನಿಗಳ ಸಾಮಾನಿನ ಮೇಲೆ ಗಾಡಿಯ ತುಂಬ ಟೊಮ್ಯಾಟೊ ಕ್ರೇಟು. ದಾರಿಯಲ್ಲಿ ಭಾವಮೈದುನನ ತೋಟದ್ದು ಹೇರಿಕೊಂಡಿದ್ದ. ಕಂಪನಿ ಸಾಮಾನಿನ ಜೊತೆ ಬೇರೇನನ್ನೂ ಹಾಕಬಾರದೆಂಬ ರೂಲ್ಸು ಅವನಿಗೂ ಗೊತ್ತಿತ್ತು. ಫೋನ್ ಸ್ವಿಚ್ ಆಫ್ ಆಗಿದ್ದಕ್ಕೂ ಅದೇ ಕಾರಣ.

ವಿಜಯಾ ಮೇಡಂ ಕ್ರೇಟುಗಳನ್ನು ನೋಡಿದರು, ಬಾಬುವನ್ನು ನೋಡಿದರು. "ಇವತ್ತು ತಪ್ಪು ಮಾಡಿದೋರು ಯಾರ್ಯಾರು ಅಂತ ಆಮೇಲೆ ನೋಡೋಣ. ಇಳಿಸಿ" ಎಂದು ದುಪಟ್ಟಾ ಸೊಂಟಕ್ಕೆ ಕಟ್ಟಿ ತಾವೇ ಒಂದು ಕ್ರೇಟಿನ ಒಂದು ಬದಿ ಹಿಡಿದರು. ಇನ್ನೊಂದು ಬದಿ ನಾನು ಹಿಡಿದೆ. ಅಳತೆಯಲ್ಲಿ ಕೂದಲೆಳೆ ತಪ್ಪಿದರೂ ಬಿಡದ ಮನುಷ್ಯೆ, ನಡುಮಧ್ಯಾಹ್ನ ಹೆದ್ದಾರಿ ಪಕ್ಕದಲ್ಲಿ ಟೊಮ್ಯಾಟೊ ಇಳಿಸುತ್ತಿದ್ದರು. ಲಾರಿ ಡ್ರೈವರುಗಳು ನಿಂತು ನೋಡಿದರು, ಆಮೇಲೆ ಇಬ್ಬರು ಕೈ ಜೋಡಿಸಿದರು. ಒಬ್ಬ ಮೇಡಂ ಬಳಿ ಬಂದು, ಕ್ರೇಟು ಎಷ್ಟಕ್ಕೆ ಕೊಡ್ತೀರಿ ಎಂದು ಕೇಳಿದ. ನಾನು ಬೇರೆ ಕಡೆ ಮುಖ ಮಾಡಿ ನಕ್ಕೆ. ಅಡಿಯಲ್ಲಿ ನಮ್ಮ ಡಬ್ಬಿ ಸೀಲು ಒಡೆಯದೆ ಇತ್ತು. ಒಂದು ಮೂಲೆಗೆ ಟೊಮ್ಯಾಟೊ ರಸ ಅಂಟಿತ್ತು.

ಮರಳುವಾಗ ಮುಳಬಾಗಿಲಿನಲ್ಲಿ ಮೇಡಂ ಕಾರು ನಿಲ್ಲಿಸಿದರು. ಅವರ ಊರು, ಅವರಿಗೆ ಗೊತ್ತಿದ್ದ ಹೋಟೆಲು. ದಪ್ಪನೆಯ ದೋಸೆ, ಮೇಲೆ ತುಪ್ಪ. ಡಬ್ಬಿಯನ್ನು ಕಾರಿನಲ್ಲಿ ಬಿಡಲು ಮನಸ್ಸಾಗದೆ ತೊಡೆಯ ಮೇಲಿಟ್ಟುಕೊಂಡು ನಾನು ಎರಡು ದೋಸೆ ತಿಂದೆ. ಮೇಡಂ ಮೂರು ತಿಂದರು.

ಸೋಮವಾರ ಹೇಳಿದ ಹಾಗೆ ಬೈದರು, ಎಲ್ಲರ ಮುಂದೆ. ಪರದೆಯ ಹಾಳೆಯನ್ನು ಕಿತ್ತು ನನ್ನ ಕೈಗೆ ಕೊಟ್ಟು ಹರಿದು ಹಾಕಿಸಿ, ಹೊಸ ಪರದೆಗೆ ತಕ್ಕ ಹಾಳೆ ಅಂಟಿಸಿದರು. ಅಂದಿನಿಂದ ಪ್ರತಿ ಬೆಳಿಗ್ಗೆ ಮೊದಲು ದಪ್ಪ ಗೊತ್ತಿರುವ ಎಳೆಯೊಂದನ್ನು ಇಟ್ಟು ಅಳತೆಯನ್ನೇ ಅಳೆಯಬೇಕು, ಆಮೇಲೆ ಕೆಲಸ. ಚೆನ್ನೈಯವರಿಗೆ ನಡೆದದ್ದನ್ನು ಇದ್ದ ಹಾಗೇ ಬರೆದರು. ಹೊಸದಾಗಿ ಮಾಡಲು ಅವರು ಒಂದು ವಾರ ಸಮಯ ಕೊಟ್ಟರು. ಆ ವಾರ ನಾನು ಮಾಡಿದ ಪ್ರತಿ ಲೆನ್ಸನ್ನೂ ಎರಡು ಸಲ ನೋಡಿದೆ. ಬಾಬುವಿನ ಟೊಮ್ಯಾಟೊ ವಿಷಯವನ್ನು ಮೇಡಂ ಯಾರಿಗೂ ಹೇಳಲಿಲ್ಲ. ಅವನಿಗೆ ಮಾತ್ರ ಇನ್ನು ಫೋನ್ ಆಫ್ ಮಾಡಬಾರದೆಂದು ಹೇಳಿ ಕಳಿಸಿದರು.

ಕೊನೆಯ ಕೆಲವು ವರ್ಷಗಳಲ್ಲಿ ಕೆಲಸ ಪೂರ್ತಿ ಬದಲಾಯಿತು. ಹೊರದೇಶದಿಂದ ಲೇಸರ್ ಯಂತ್ರ ಬಂತು. ಸೂಜಿಯಿಲ್ಲ, ಕಿಡಿಯಿಲ್ಲ. ಲೇಸರಿನ ಬಿಸಿಯಲ್ಲೇ ಗಾಜು ಕರಗುತ್ತದೆ. ಎಳೆಯನ್ನು ತಾನೇ ತಿರುಗಿಸುತ್ತದೆ, ತಾನೇ ಅಳೆಯುತ್ತದೆ. ಅದನ್ನು ನಡೆಸಲು ಬಂದವಳು ಅಶ್ವಿನಿ, ಶ್ರೀನಿವಾಸಪುರದ ಹತ್ತಿರದ ಊರಿನವಳು, ಮಾವಿನ ತೋಟದವರ ಮಗಳು. ಮೊದಲ ವಾರ ನಾನು ಆ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಎರಡನೇ ವಾರ ಅವಳೇ ಬಂದಳು.

"ಶಾಮಣ್ಣ, ಯಂತ್ರ ಎಲ್ಲಾ ಸರಿಯಿದೆ ಅನ್ನುತ್ತೆ. ಆದ್ರೂ ಲೆನ್ಸು ನೋಡೋಕೆ ಸರಿ ಇಲ್ಲ ಅನ್ಸುತ್ತೆ. ಒಂದ್ಸಲ ಬನ್ನಿ."

ನೋಡಿದೆ. ತುದಿಯಲ್ಲಿ ಸಣ್ಣ ಮಬ್ಬು. "ಎಳೆ ಒರೆಸಿದ್ದು ಸಾಲ್ದಮ್ಮ. ಹೊದಿಕೆಯ ಜಿಡ್ಡು ಉಳಿದ್ರೆ ಸುಟ್ಟು ಒಳಗೇ ಕೂತ್ಕೊಳ್ಳುತ್ತೆ" ಎಂದೆ. ಅವಳು ಸ್ಪಿರಿಟ್ ಹಾಕಿ ಇನ್ನೊಮ್ಮೆ ಒರೆಸಿದಳು. ಕೊಳೆಯಿದ್ದರೆ ಹೊಸ ಯಂತ್ರವೂ ಹಳೆಯದರಂತೆಯೇ ಕೆಡಿಸುತ್ತದೆ ಎಂದು ನನಗೆ ಒಳಗೊಳಗೇ ಸಂತೋಷವಾಯಿತು. ಆಮೇಲೆ ಅವಳಿಂದ ಯಂತ್ರ ಕಲಿತೆ. ಅವಳು ಕಂಪ್ಯೂಟರ್ ತೋರಿಸುವಾಗ ನಾನು ಮೂರು ಸಲ ಒಂದೇ ಪ್ರಶ್ನೆ ಕೇಳಿದರೆ ಮೂರು ಸಲವೂ ಉತ್ತರಿಸುತ್ತಿದ್ದಳು. ನಾಲ್ಕನೇ ಸಲ ಬರೆದುಕೊಳ್ಳಿ ಎನ್ನುತ್ತಿದ್ದಳು. ಮಾವಿನ ಕಾಲದಲ್ಲಿ ಇಡೀ ವಿಭಾಗಕ್ಕೆ ಅವಳ ಮನೆಯ ಹಣ್ಣು.

ನನ್ನ ಕೊನೆಯ ದಿನ ಒಂದು ಸಣ್ಣ ಸಮಾರಂಭ ಇಟ್ಟುಕೊಂಡಿದ್ದರು. ಹಾರ, ಲಾಡು, ಖಾರಾಬೂಂದಿ. ಅದಕ್ಕೆ ಮೊದಲು ವಿಜಯಾ ಮೇಡಂ, "ಶಾಮಣ್ಣ, ಹಳೇ ಯಂತ್ರದಲ್ಲಿ ಕೊನೇದಾಗಿ ಒಂದು ಲೆನ್ಸ್ ಮಾಡಿ. ಎಲ್ಲರೂ ನೋಡ್ಲಿ" ಎಂದರು. ಅಷ್ಟು ಹೊತ್ತಿಗೆ ಅವರ ತಲೆಯೂ ನರೆತಿತ್ತು. ಕಾಳಾಚಾರಿ ತನ್ನ ಸ್ಟ್ಯಾಂಡಿನ ಧೂಳು ಒರೆಸಿ, ಮೋಟಾರಿಗೆ ಒಂದು ತೊಟ್ಟು ಎಣ್ಣೆ ಬಿಟ್ಟ. ಮಾಸ್ಕ್ ಹಾಕಿಕೊಂಡು ಕೂತೆ. ಹಿಂದೆ ಇಪ್ಪತ್ತು ಜನ ನಿಂತಿದ್ದರು. ಎಳೆ ಸುಲಿದೆ, ಒರೆಸಿದೆ, ಕತ್ತರಿಸಿದೆ, ಇಳಿಬಿಟ್ಟೆ. ಕಿಡಿ ಬಂತು. ಗಾಜು ಮಿನುಗಿ ದುಂಡಗಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಳಾಚಾರಿ ಎಲ್ಲರಿಗಿಂತ ಜೋರಾಗಿ ತಟ್ಟಿದ.

ನಿಯಮದಂತೆ ಅದು ತಪಾಸಣೆಗೆ ಅಶ್ವಿನಿಯ ಮೇಜಿಗೆ ಹೋಗಬೇಕು. ಹೋಯಿತು. ಅವಳು ನೋಡಿದಳು. ತಿರುಗಿಸಿ ಇನ್ನೊಮ್ಮೆ ನೋಡಿದಳು.

"ಶಾಮಣ್ಣ, ಗುಂಡಿನ ನಡು ಆಚೆ ಹೋಗಿದೆ" ಎಂದಳು.

"ತುಂಬಾನಾ?"

"ತುಂಬಾ ಅಲ್ಲ. ಆದ್ರೆ ಮಿತಿ ದಾಟಿದೆ."

ಯಾರೋ ಹಿಂದಿನಿಂದ, "ಇವತ್ತೊಂದಿನ ಪಾಸ್ ಮಾಡಮ್ಮಾ" ಎಂದರು. ಅಶ್ವಿನಿಯ ಮುಖ ಕೆಂಪಾಯಿತು. ಅವಳು ವಿಜಯಾ ಮೇಡಂ ಕಡೆ ನೋಡಿದಳು. ಮೇಡಂ ನನ್ನ ಕಡೆ ನೋಡಿದರು.

ನಾನು ಎದ್ದು ಹೋಗಿ ಅವಳ ಪರದೆ ನೋಡಿದೆ. ಸರಿಯಾಗಿಯೇ ಹೇಳಿದ್ದಳು. ಹಿಂದೆ ಇಪ್ಪತ್ತು ಜನ ನಿಂತದ್ದಕ್ಕೆ ಕೈ ಒಂಚೂರು ನಡುಗಿರಬೇಕು.

"ಚೀಟಿ ಬರೆಯಮ್ಮ" ಎಂದೆ.

ಅವಳು ತಿರಸ್ಕಾರದ ಚೀಟಿಯಲ್ಲಿ ನನ್ನ ಹೆಸರು, ಕಾರಣ ಎಲ್ಲ ದುಂಡಗೆ ಬರೆದು ಮುಂದಿಟ್ಟಳು. ಆಪರೇಟರ್ ಎಂದಿದ್ದ ಕಡೆ ಸಹಿ ಹಾಕಿದೆ. ಅವಳು ಲೆನ್ಸನ್ನು ಚಿಮಟದಲ್ಲಿ ಎತ್ತಿ ಕೆಂಪು ಟ್ರೇಯಲ್ಲಿಟ್ಟು, ನನ್ನ ಮುಖ ನೋಡಿದಳು. ಬೇಜಾರಾಯಿತೇನೋ ಎಂದು ಅವಳಿಗೆ ಭಯ.

"ಬಾ, ಲಾಡು ತಿನ್ನೋಣ" ಎಂದೆ. ಇಬ್ಬರೂ ಕೈ ತೊಳೆದುಕೊಂಡು ಹೊರಗೆ ಹೋದೆವು.